ಕುಮಟಾದಿಂದ ನಾಗಪುರ, ಒಂದೂವರೆ ಗಂಟೆ

ನನ್ನ ಮೊಬೈಲಿನ ಪ್ರಕಾರ ಕುಮಟಾದಿಂದ ನಾಗಪುರಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. ಎರಡು ಊರುಗಳ ಹೆಸರು ಹಾಕಿದರೆ ನಡುವಿನ ದೂರವನ್ನೂ ಹಾರುವ ಸಮಯವನ್ನೂ ಹೇಳುವ ಒಂದು ಪುಟ ಇಂಟರ್ನೆಟ್ಟಿನಲ್ಲಿದೆ. ಕುಮಟಾದಲ್ಲಿ ವಿಮಾನ ನಿಲ್ದಾಣ ಇದೆಯೇ ಎಂದು ಅದು ಕೇಳುವುದಿಲ್ಲ. ನಕ್ಷೆಯ ಮೇಲೆ ಸ್ಕೇಲ್ ಇಟ್ಟ ಹಾಗೆ ನೆಟ್ಟಗೆ ಒಂದು ಗೆರೆ ಎಳೆಯುತ್ತದೆ, ವಿಮಾನದ ವೇಗದಿಂದ ಭಾಗಿಸುತ್ತದೆ, ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಇಷ್ಟು ಆತ್ಮವಿಶ್ವಾಸ ನನಗಿದ್ದಿದ್ದರೆ ನಾನು ಎಲ್ಲೋ ಇರುತ್ತಿದ್ದೆ.

ಹೆಂಡತಿಗೆ ತೋರಿಸಿದೆ. ಅವಳು ಕಾಯಿ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಎಲ್ಲಿಂದ ಹಾರ್ತಡ ಅದು? ಬಸ್ ಸ್ಟ್ಯಾಂಡ್ ಹಿಂದಿಂದನಾ?"

"ಹಾಂಗಲ್ದೇ, ಲೆಕ್ಕಕ್ಕೆ."

"ಲೆಕ್ಕದಲ್ಲಿ ನಿಂಗ ಯಾವಾಗಲೋ ಹೋಗಿ ಬಂದಾತು ಬಿಡಿ."

ಅವಳ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ನಾನು ಹೊನ್ನಾವರದ ಒಂದು ಕಾಲೇಜಿನ ಕಚೇರಿಯಲ್ಲಿ ಗುಮಾಸ್ತ. ಮನೆ ಕುಮಟಾದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಹಳದೀಪುರ ದಾಟಿ ಹೊನ್ನಾವರ, ಸಂಜೆ ಹೊನ್ನಾವರದಿಂದ ಹಳದೀಪುರ ದಾಟಿ ಕುಮಟಾ. ಇಷ್ಟು ವರ್ಷ ಹೋಗಿ ಬಂದ ದೂರವನ್ನೆಲ್ಲ ಕೂಡಿಸಿದರೆ ಭೂಮಿಗೆ ಎಷ್ಟೋ ಸುತ್ತು ಬಂದಿರಬೇಕು. ಬಂದು ನಿಂತದ್ದು ಮಾತ್ರ ಹಳದೀಪುರದ ಆಚೆ ಈಚೆ. ಈ ಅಲ್ಪ ದೂರದಲ್ಲೂ ನನಗೆ ಚಿಂತೆಗೆ ಕೊರತೆಯಾಗಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ, ಹಿಂಬಾಗಿಲು ಹಾಕಿದೆನೋ ಇಲ್ಲವೋ, ಹೆದ್ದಾರಿ ಅಗಲ ಮಾಡುವವರು ಇವತ್ತು ಎಲ್ಲಿ ಅಗೆದಿಟ್ಟಿರುತ್ತಾರೋ. ಇಂಥವನು ವಿಮಾನ ಹತ್ತಲು ಹೊರಟದ್ದಕ್ಕೆ ಕಾರಣ ನಾಗಪುರದಲ್ಲಿರುವ ನನ್ನ ಅಕ್ಕಯ್ಯ.

ಅಕ್ಕಯ್ಯ ನನಗಿಂತ ಬಹಳ ದೊಡ್ಡವಳು. ನಾವು ಕುಮಟಾ ಹತ್ತಿರದ ಕತಗಾಲದ ಕಡೆಯವರು. ನಮ್ಮ ತಾಯಿ ಸದಾ ಕಾಯಿಲೆಯಲ್ಲಿದ್ದುದರಿಂದ ನನ್ನನ್ನು ಸಾಕಿದ್ದು ಹೆಚ್ಚುಕಮ್ಮಿ ಅಕ್ಕಯ್ಯನೇ. ಮೀಯಿಸಿ, ತಲೆ ಬಾಚಿ, ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಕಳಿಸುತ್ತಿದ್ದಳು. ಅವಳ ಬಾಯಲ್ಲಿ ನಾನು ಯಾವತ್ತೂ ಮಾಣಿ, ಅಂದರೆ ಹುಡುಗ. ಒಂದು ದಿನ ನಾನು ಹೊಸ್ತಿಲು ದಾಟುತ್ತ "ಹೋಗ್ತೆ" ಎಂದುಬಿಟ್ಟೆ. ಅಂಗಿಯ ಹಿಂಬದಿ ಹಿಡಿದು ಒಳಗೆ ಎಳೆದುಕೊಂಡಳು.

"ಹೋಗ್ತೆ ಹೇಳುಲಾಗ ಮಾಣಿ. ಬತ್ತೆ ಹೇಳಿ ಹೋಪುದು."

ಒಂದು ಲೋಟ ನೀರು ಕುಡಿಸಿ, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಮೊದಲಿನಿಂದ ಹೊರಡಿಸಿದಳು. ಶಾಲೆಗೆ ತಡವಾಗಿ ಮಾಸ್ತರರ ಕೈಯಲ್ಲಿ ಏಟು ತಿಂದೆ. ಅಂದಿನಿಂದ ಇಂದಿನವರೆಗೆ ನಾನು ಎಲ್ಲಿಂದ ಹೊರಟರೂ, ಹೊಟೇಲಿನ ಗಲ್ಲಾದಿಂದ ಹೊರಟರೂ, "ಬತ್ತೆ" ಎಂದೇ ಹೊರಡುವವನು. ಬರುವೆನೆಂದು ಹೇಳಿ ಹೋಗುವುದು ಕನ್ನಡ ನಾಡಿನಲ್ಲಿ ಎಲ್ಲೆಡೆಯೂ ಇದ್ದದ್ದೇ. ಆದರೆ ಅಕ್ಕಯ್ಯ ಅದನ್ನು ಟೆಲಿಫೋನಿಗೂ ತಂದಳು. ರೈಲ್ವೆಯಲ್ಲಿದ್ದ ಭಾವನನ್ನು ಮದುವೆಯಾಗಿ ನಾಗಪುರಕ್ಕೆ ಹೋದ ಮೇಲೆ, ಊರಿಗೆ ಫೋನು ಬಂದ ಹೊಸತರಲ್ಲಿ, ಒಮ್ಮೆ ನಾನು ಎಲ್ಲರ ಹಾಗೆ "ಆತು, ಇಡ್ತೆ" ಎಂದಾಗ ಆ ಕಡೆಯಿಂದ ಗದರಿದಳು.

"ಇಡ್ತೆ ಹೇಳಿ ಯಾರಾದರೂ ಹೇಳ್ತ್ವನ? ಅಪಶಕುನ. ಬತ್ತೆ ಹೇಳು."

"ಫೋನಿಂದ ಎಲ್ಲಿಗೆ ಬಪ್ಪುದು ಅಕ್ಕಯ್ಯ?"

"ನಾ ಹೇಳಿದ್ದು ಹೇಳು."

ಹೇಳಿದೆ. ಆಮೇಲಿನ ಎಲ್ಲ ಭಾನುವಾರಗಳಲ್ಲೂ ಹೇಳಿದೆ. ನಮ್ಮ ಫೋನುಗಳು ಮುಗಿಯುತ್ತಿದ್ದದ್ದೇ ಹಾಗೆ. ನಾನು ಬತ್ತೆ ಎನ್ನುವುದು, ಅವಳು "ಹೂಂ, ಬಾ" ಎನ್ನುವುದು. ನಾನು ಬಂದದ್ದು ಭಾವ ತೀರಿಕೊಂಡಾಗ ಒಮ್ಮೆ, ಎರಡು ರೈಲು ಬದಲಿಸಿ. ಆ ಪ್ರಯಾಣದ ಸೊಂಟನೋವನ್ನು ಇವತ್ತಿಗೂ ವರ್ಣಿಸಬಲ್ಲೆ.

ಈಚೆಗೆ ಅಕ್ಕಯ್ಯನ ನೆನಪು ಕರಗತೊಡಗಿತು. ಮೊದಲು ಉಪ್ಪಿನ ಡಬ್ಬ ಎಲ್ಲಿಟ್ಟೆ ಎನ್ನುವುದು ಮರೆಯಿತು, ಆಮೇಲೆ ಉಪ್ಪು ಹಾಕಿದ್ದು ಮರೆಯಿತು, ಆಮೇಲೆ ಭಾವ ಇಲ್ಲವೆನ್ನುವುದು ಮರೆಯಿತು. ಜೊತೆಗಿರುವ ಮಗಳು ನಾಗಪುರದಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡದಲ್ಲಿ ಹಿಂದಿ ಧಾರಾಳವಾಗಿ ಬೆರೆತಿರುತ್ತದೆ; ತಾಯಿಯನ್ನು ಮಾತ್ರ ನಮ್ಮ ಹಾಗೇ ಆಯಿ ಎನ್ನುತ್ತಾಳೆ. ಒಂದು ಸೋಮವಾರ ಅವಳು ಕಚೇರಿಗೆ ಫೋನ್ ಮಾಡಿದಳು.

"ಮಾಮಾ, ನೀವು ಆಯಿಗೆ ಎಂತ ಹೇಳಿದ್ರಿ ನಿನ್ನೆ?"

"ಎಂತ ಇಲ್ಯೇ. ಆಸರಿ ಕುಡಿದ್ಯ, ಊಟ ಆತಾ, ಅಷ್ಟೇ."

"ನೀವು ಫೋನ್ ಮಾಡಿದ ಮೇಲೆ ಆಯಿ ಗೇಟ್ ಬಿಟ್ಟು ಬತ್ತಿಲ್ಲೆ. ಕುರ್ಚಿ ಹಾಕ್ಕಂಡು ಕೂತ್ಕತ್ತು. ಮಾಣಿ ಬತ್ತೆ ಹೇಳಿದ್ದ, ಬತ್ತಾ ಇದ್ದ, ಹೇಳ್ತು. ಧೂಪ್‌ನಲ್ಲಿ ಮುಖ ಎಲ್ಲ ಕೆಂಪಾಗಿ ಹೋಯ್ದು ಮಾಮಾ."

ಧೂಪ್ ಎಂದರೆ ಬಿಸಿಲು. ನಾಗಪುರದ ಬಿಸಿಲು ನಮ್ಮ ಕರಾವಳಿಯ ಬೆವರಿನ ಬಿಸಿಲಲ್ಲ, ಸುಡುವ ಬಿಸಿಲು. ಅಕ್ಕಯ್ಯನ ತಲೆಯಿಂದ ಬಹಳಷ್ಟು ಸಂಗತಿಗಳು ಹೋಗಿದ್ದವು. ಅವುಗಳ ಜೊತೆ 'ಬತ್ತೆ' ಎಂದರೆ ಹೋಗುವುದು ಎಂಬ ಒಪ್ಪಂದವೂ ಹೋಗಿತ್ತು. ಉಳಿದದ್ದು ಬರೀ ಶಬ್ದದ ಅರ್ಥ. ಮಾಣಿ ಬರುತ್ತೇನೆ ಎಂದಿದ್ದಾನೆ. ಎಂದ ಮೇಲೆ ಬರುತ್ತಾನೆ.

ಮುಂದಿನ ಭಾನುವಾರ ಆ ಶಬ್ದ ಬಿಟ್ಟು ಬೇರೆ ಯಾವುದರಿಂದಲಾದರೂ ಮುಗಿಸಬೇಕೆಂದು ಬೆಳಿಗ್ಗೆಯಿಂದ ತಯಾರಿ ನಡೆಸಿದೆ. ಕೊನೆಯಲ್ಲಿ "ಆತು ಅಕ್ಕಯ್ಯ" ಎಂದೆ. ಆತು ಎನ್ನುವುದು ನಮ್ಮಲ್ಲಿ ಸರಿ ಎನ್ನುವುದಕ್ಕೂ ಸಲ್ಲುತ್ತದೆ, ಮುಗಿಯಿತು ಎನ್ನುವುದಕ್ಕೂ ಸಲ್ಲುತ್ತದೆ.

ಅವಳ ಧ್ವನಿ ಗಾಬರಿಯಿಂದ ಮೇಲೇರಿತು. "ಎಂತ ಆತು? ಯಾರಿಗೆ ಎಂತ ಆತು? ಹೇಳಾ, ಮುಚ್ಚಿಡಡ!"

ಯಾರಿಗೂ ಏನೂ ಆಗಿಲ್ಲವೆಂದು ನಂಬಿಸುವಷ್ಟರಲ್ಲಿ ನನಗೇ ಏನೋ ಆಗುವುದರಲ್ಲಿತ್ತು. ಇನ್ನೊಂದು ವಾರ "ಸಿಗ್ವ ಅಕ್ಕಯ್ಯ" ಎಂದರೆ, "ಎಲ್ಲಿ?" ಎಂದಳು. ಮಗದೊಂದು ವಾರ ಏನೂ ಹೇಳದೆ ಗುಂಡಿ ಒತ್ತಿ ಫೋನ್ ಕಟ್ ಮಾಡಿದೆ; ಮಾಣಿ ಫೋನಿನೊಳಗೇ ಇದ್ದಾನೆಂದು ಸಂಜೆಯವರೆಗೆ ಅದನ್ನು ಕಿವಿಗೆ ಹಿಡಿದು ಕೂತಿದ್ದಳಂತೆ. ಕೊನೆಗೆ 'ಬತ್ತೆ'ಗೇ ಮರಳಿದೆ. ಅವಳು ಕೊಡೆ ಹಿಡಿದುಕೊಂಡು ಗೇಟಿಗೆ ಮರಳಿದಳು. ಕೊಡೆ ಕೊಟ್ಟದ್ದು ಮಗಳು.

ಅಲ್ಲಿನ ವೈದ್ಯರು ಮಗಳಿಗೆ ಹೇಳಿದರಂತೆ, ಇನ್ನು ಕೆಲವೇ ತಿಂಗಳಲ್ಲಿ ಹತ್ತಿರದವರ ಗುರುತೂ ಹೋಗಬಹುದು, ನೋಡಬೇಕಾದವರಿದ್ದರೆ ಈಗಲೇ ನೋಡಿಕೊಳ್ಳಲಿ ಎಂದು. ಆಗ ನಿಶ್ಚಯಿಸಿದೆ. ನನ್ನ ಗುರುತು ಉಳಿದಿರುವಾಗಲೇ ಹೋಗಬೇಕು. ಒಂದು ಸಲವಾದರೂ 'ಬತ್ತೆ' ಎಂದದ್ದಕ್ಕೆ ಬಂದು, ಆ ಗೇಟಿನ ಎದುರು ನಿಲ್ಲಬೇಕು.

ನಿಶ್ಚಯಿಸಿದ್ದೊಂದೇ ಸುಲಭದ ಕೆಲಸವಾಗಿತ್ತು. ನಮ್ಮ ಊರು ಗೋವಾ, ಹುಬ್ಬಳ್ಳಿ, ಮಂಗಳೂರು, ಈ ಮೂರು ವಿಮಾನ ನಿಲ್ದಾಣಗಳ ನಡುವೆ, ಮೂವರು ಅಣ್ಣತಮ್ಮಂದಿರ ನಡುವಿನ ವಿಧವೆ ಅತ್ತೆಯ ಹಾಗೆ, ಯಾರ ಪಾಲಿಗೂ ಸೇರದೆ ಕೂತಿದೆ. ಯಾವುದರಿಂದ ಹೋದರೂ ಮುಂಬಯಿಯಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯಬೇಕು. ಗೋವಾ ದಾರಿಯಲ್ಲಿ ಗುಡ್ಡ ಕುಸಿದರೆ? ಹುಬ್ಬಳ್ಳಿಯ ದಾರಿ, ಘಟ್ಟ. ನನಗೆ ತಿರುವುಗಳಲ್ಲಿ ವಾಂತಿ. ಮುಂಬಯಿಯಲ್ಲಿ ತಪ್ಪು ವಿಮಾನ ಹತ್ತಿದರೆ? ಹತ್ತಿ ಲಕ್ನೋದಲ್ಲಿ ಇಳಿದರೆ? ಲಕ್ನೋದಲ್ಲಿ ನನಗೆ ಯಾರಿದ್ದಾರೆ? ಒಂದೂವರೆ ಗಂಟೆಯ ಆ ನೆಟ್ಟನೆಯ ಗೆರೆಯನ್ನು ದಿನಕ್ಕೊಮ್ಮೆ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮಂಗಳೂರು ಎಂದು ತೀರ್ಮಾನವಾದದ್ದು ಭಟ್ಕಳದ ಗೆಳೆಯನಿಂದ. ಅವನ ಮಗಳು ನಮ್ಮ ಕಾಲೇಜಿನಲ್ಲಿ ಓದುತ್ತಿದ್ದಾಗಿನ ಪರಿಚಯ. ಬಹಳ ವರ್ಷ ದುಬೈಯಲ್ಲಿದ್ದು ಈಗ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದಾನೆ. ದುಬೈಯಿಂದ ಬರುವ ತಮ್ಮನನ್ನು ಕರೆತರಲು ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವನಿದ್ದ. "ಭಟ್ಕಳದ ತನಕ ಬನ್ನಿ ಸಾರ್, ಮುಂದೆ ನನ್ನ ಜವಾಬ್ದಾರಿ. ಒಳಗೆ ಹೋಗೋದು, ಬ್ಯಾಗ್ ಕೊಡೋದು, ಎಲ್ಲ ಹೇಳಿ ಕೊಡ್ತೇನೆ" ಎಂದ. ಆ ದಿನಕ್ಕೇ ಟಿಕೆಟ್ ತೆಗೆಸಿದೆ.

ಹೊರಡುವ ಬೆಳಿಗ್ಗೆ ಹೆಂಡತಿ ತೊಡದೇವನ್ನು ಬಾಳೆ ಎಲೆಯಲ್ಲಿ ಸುತ್ತಿ ಸ್ಟೀಲ್ ಡಬ್ಬದಲ್ಲಿಟ್ಟಳು. ಕಾಗದದಷ್ಟು ತೆಳು ಸಿಹಿ ಅದು, ಬಾಯಲ್ಲಿಟ್ಟರೆ ಕರಗುತ್ತದೆ, ಬಾಯಿ ತನಕ ಮುರಿಯದೆ ಬರುವುದೇ ಕಷ್ಟ. ಅಕ್ಕಯ್ಯನಿಗೆ ಪ್ರಾಣ. "ಬತ್ತೆ" ಎಂದು ಹೊಸ್ತಿಲು ದಾಟಿದೆ.

ಡಬ್ಬವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಮಂಗಳೂರು ಬಸ್ಸಿನಲ್ಲಿ ಕೂತೆ. ಹಳದೀಪುರ ಬಂತು, ಹೋಯಿತು. ತೊಡದೇವನ್ನು ವಿಮಾನದಲ್ಲಿ ಬಿಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತ ಇದ್ದವನು ಹೊನ್ನಾವರ ಬಂದದ್ದೇ ಎದ್ದೆ, ಇಳಿದೆ, ನಾಲ್ಕು ಹೆಜ್ಜೆ ಕಾಲೇಜಿನ ದಿಕ್ಕಿಗೂ ನಡೆದೆ. ಬಸ್ಸು ಹೊರಟುಹೋಯಿತು. ಯಾವತ್ತೂ ಅಲ್ಲಿ ಇಳಿಯುವ ಕಾಲಿಗೆ ನಾಗಪುರದ ಸುದ್ದಿ ಮುಟ್ಟಿರಲಿಲ್ಲ. ನಿಲ್ದಾಣದ ಪೇಪರ್ ಅಂಗಡಿಯವ ನಕ್ಕ. "ಎಂತ ಸರ್, ರಜೆ ಅಂದಿದ್ರಿ? ಡಬ್ಬದಲ್ಲಿ ಎಂತ, ಪ್ರಿನ್ಸಿಪಾಲರಿಗೆ ಊಟವಾ?" ಹೌದು ಎಂದೆ. ವಿವರಿಸುವುದಕ್ಕಿಂತ ಅದು ಸಲೀಸಾಗಿತ್ತು.

ಮುಂದಿನ ಬಸ್ಸಿನಲ್ಲಿ ಶರಾವತಿ ಸೇತುವೆ ದಾಟಿ ಭಟ್ಕಳ ಸೇರುವಾಗ ಬಿಸಿಲೇರಿತ್ತು. ಗೆಳೆಯನ ಮನೆಯ ಜಗಲಿಗೆ ಚಹಾ ಬಂತು, ಬಿಸ್ಕೀಟು ಬಂತು. ಹೊರಡಲು ಇನ್ನೂ ಸಮಯವಿತ್ತು.

"ಯಾಕೆ ಸಾರ್ ಇಷ್ಟು ಹೆದರ್ತೀರಿ? ನಮ್ಮೂರ ಮಕ್ಕಳನ್ನ ಕೇಳಿ. ಹೊನ್ನಾವರ ಎಷ್ಟು ದೂರ ಅಂದ್ರೆ ಬಾಯಿ ಬಿಡ್ತಾವೆ. ದುಬೈ ಎಷ್ಟು ದೂರ ಅನ್ನಿ, ಮೂರೂವರೆ ಗಂಟೆ ಅಂತಾವೆ."

"ಅಷ್ಟು ಹತ್ತಿರವಾ ಸಾಹೇಬ್ರೆ?"

"ಹತ್ತಿರವೇ. ನಂಗೆ ಮಾತ್ರ ಪ್ರತಿ ಸಲ ಎರಡು ವರ್ಷ ಹಿಡಿತಿತ್ತು. ರಜೆ ಸಿಗ್ಬೇಕಲ್ಲ." ನಕ್ಕ. "ಅಪ್ಪ ಹೋದಾಗ್ಲೂ ಮೂರೂವರೆ ಗಂಟೆ ದೂರದಲ್ಲೇ ಇದ್ದೆ, ಸಾರ್."

ಒಳಗಿನಿಂದ ಅವನ ಹೆಂಡತಿ ಕೊಂಕಣಿಗೆ ಹತ್ತಿರದ ತಮ್ಮ ಮನೆಮಾತು ನವಾಯತಿಯಲ್ಲಿ ಏನೋ ಅಂದಳು. ನನಗೆ ಕೊಂಕಣಿ ಬರುತ್ತದೆ, ಹಾಗಾಗಿ ಅರ್ಧ ತಿಳಿಯಿತು: ಈ ಮನುಷ್ಯ ಹೋಗುವ ಹಾಗೆ ಕಾಣುವುದಿಲ್ಲ. ತಿಳಿಯದವನ ಹಾಗೆ ಬಿಸ್ಕೀಟು ಅದ್ದಿದೆ. ಹೊತ್ತು ಕಳೆಯಲೆಂದು ಮೊಬೈಲ್ ತೆಗೆದು ಭಟ್ಕಳ, ನಾಗಪುರ ಎಂದು ಹಾಕಿ ನೋಡಿದೆ. ಕುಮಟಾದಿಂದ ಇದ್ದುದಕ್ಕಿಂತ ದೂರ ಹೆಚ್ಚಾಗಿತ್ತು. ಅಕ್ಕಯ್ಯ ಇರುವುದು ಉತ್ತರದಲ್ಲಿ, ನಾನು ಬೆಳಿಗ್ಗೆಯಿಂದ ಬಂದದ್ದು ದಕ್ಷಿಣಕ್ಕೆ. ಇಷ್ಟು ಪಾಡುಪಟ್ಟು ಅವಳಿಂದ ಇನ್ನಷ್ಟು ದೂರ ಬಂದು ಕೂತು ಚಹಾ ಕುಡಿಯುತ್ತಿದ್ದೆ.

ಆಗಲೇ ಅವಳ ಮಗಳ ಫೋನು ಬಂತು.

"ಮಾಮಾ, ಹೊರಟ್ರಾ?"

"ಭಟ್ಕಳದಲ್ಲಿದ್ದೆ. ಎಂತ ಆತು?" ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ. ನಿನ್ನೆ ನೀರಿನ ಫಿಲ್ಟರ್ ರಿಪೇರಿಗೆ ಒಬ್ಬ ಬಂದಿದ್ದನಂತೆ. ಮರಾಠಿಯವನು, ನನ್ನಷ್ಟೇ ವಯಸ್ಸು, ನನ್ನ ಹಾಗೇ ಮುಂದಲೆ ಬೋಳು. ಅಕ್ಕಯ್ಯ ಗೇಟಿನಲ್ಲೇ ಅವನ ಕೈ ಹಿಡಿದುಕೊಂಡಳಂತೆ. ಒಳಗೆ ಕರೆದು ಕೂರಿಸಿ, ಮಗಳಿಂದ ಊಟ ಹಾಕಿಸಿ, ಎದುರು ಕೂತು ಕನ್ನಡದಲ್ಲಿ ಮಾತಾಡಿದಳಂತೆ. ಪುಣ್ಯಾತ್ಮ, ಏನೂ ಅರ್ಥವಾಗದಿದ್ದರೂ ಹೂಂಗುಟ್ಟುತ್ತ ಉಂಡ. ಹೊರಡುವಾಗ "ಯೇತೋ, ಆಯಿ" ಎಂದ.

ನನಗೆ ಮರಾಠಿ ಅಷ್ಟು ಸಾಕು. ಯೇತೋ ಎಂದರೆ ಬತ್ತೆ. ಅವರಲ್ಲೂ ಹೋಗುವವರು ಬರುತ್ತೇನೆ ಎಂದೇ ಹೇಳಿ ಹೋಗುತ್ತಾರೆ. ಅಕ್ಕಯ್ಯ "ಹೂಂ, ಬಾ" ಎಂದು ಕಳಿಸಿಕೊಟ್ಟಳಂತೆ.

"ನಿನ್ನೆಯಿಂದ ಗೇಟಿಗೆ ಹೋಯ್ದಿಲ್ಲೆ ಮಾಮಾ. ರಾತ್ರಿ ಎಲ್ಲ ನಿದ್ದೆ ಮಾಡಿದ್ದು. ಎಷ್ಟು ದಿನ ಆಗಿತ್ತು ಹೀಂಗೆ ನಿದ್ದೆ ಮಾಡದೇ."

"ಒಳ್ಳೇದಾತು."

"ಮಾಮಾ..." ಎಂದು ನಿಲ್ಲಿಸಿದಳು. "ಬನ್ನಿ, ಬರಬೇಡಿ ಹೇಳ್ತಿಲ್ಲೆ. ಆದರೆ ಬಂದ್ರೆ, ನೀವು ತಿರುಗಿ ಹೋಗ್ಬೇಕಲ್ಲ."

ಬಂದರೆ ತಿರುಗಿ ಹೋಗಬೇಕು. ಇಷ್ಟು ದಿನದ ನನ್ನ ಎಲ್ಲ ಚಿಂತೆಗಳಲ್ಲಿ, ಲಕ್ನೋ ಸೇರಿದಂತೆ, ಇದೊಂದು ಬಂದಿರಲಿಲ್ಲ. ಹೋಗುವಾಗ ಆ ಗೇಟಿನಲ್ಲಿ ನಿಂತು ನಾನು ಏನಾದರೂ ಹೇಳಲೇಬೇಕು. ನನಗೆ ಬರುವುದು ಒಂದೇ ಶಬ್ದ.

"ಫೋನ್ ಅವಳ ಕೈಗೆ ಕೊಡು," ಎಂದೆ.

ಕೈ ಬದಲಾದ ಸದ್ದು ಕೇಳಿತು. ಆಮೇಲೆ ಅಕ್ಕಯ್ಯನ ಧ್ವನಿ, ಎಷ್ಟೋ ತಿಂಗಳಿನಿಂದ ಇಲ್ಲದಷ್ಟು ನೆಮ್ಮದಿಯ ಧ್ವನಿ.

"ಯಾರು?"

"ನಾನು ಅಕ್ಕಯ್ಯ. ಮಾಣಿ."

"ಮಾಣಿ ನಿನ್ನೆ ಬಂದಿದ್ದ. ಉಂಡ್ಕಂಡು ಹೋದ. ಪಾಪ, ಬಡಕಾಗಿದ್ದ." ಮತ್ತೆ ಕೇಳಿದಳು, "ನೀವು ಯಾರು?"

ನನ್ನನ್ನು ಜೀವಮಾನದಲ್ಲಿ ನೀವು ಎಂದವಳಲ್ಲ. ಭಟ್ಕಳದ ಆ ಜಗಲಿಯಲ್ಲಿ, ತೊಡೆಯ ಮೇಲೆ ಡಬ್ಬ, ಎದುರಿಗೆ ಅರ್ಧ ಬಿಸ್ಕೀಟು ಮುಳುಗಿದ ಚಹಾ.

"ಹೀಂಗೇ, ಕುಮಟಾದವ," ಎಂದೆ.

"ಓ, ನಮ್ಮ ಬದಿಯವ್ರು. ಮಾಣಿ ಸಿಕ್ಕಿದ್ರೆ ಹೇಳಿ, ಊರು ಮುಟ್ಟಿದ ಕೂಡಲೇ ಫೋನ್ ಮಾಡುಲೆ. ಹೋಪಾಗ ಬತ್ತೆ ಹೇಳಿ ಹೋಯ್ದ, ಆದರೂ ದಾರಿ ದೂರ." ಆಮೇಲೆ, ಅಪರಿಚಿತರೊಡನೆ ಹೆಚ್ಚು ಮಾತು ಬೇಡವೆಂದು ತೋರಿತೋ ಏನೋ, ಮರ್ಯಾದೆಯಿಂದ ಹೇಳಿದಳು. "ಆತು. ಇಡ್ತೆ."

ಇಟ್ಟಳು.

ಗೆಳೆಯ ಕಾರಿನ ಬೀಗದ ಕೈ ಹಿಡಿದು ಅಂಗಳದಲ್ಲಿ ನಿಂತಿದ್ದ. ನನ್ನ ಮುಖ ನೋಡಿ, "ಎಂತ ಸಾರ್, ಏನಾದ್ರೂ..." ಎಂದ. ಇಲ್ಲ, ಆರಾಮಿದ್ದಾಳೆ, ಅದಕ್ಕೇ ನಾನು ಹೋಗುವುದಿಲ್ಲ ಎಂದೆ. ಇದು ಅವನಿಗೆ ಅರ್ಥವಾಗಲಿಲ್ಲ. ನನಗೂ ಅರ್ಥ ಮಾಡಿಸಲಾಗಲಿಲ್ಲ. "ಟಿಕೆಟ್ ಉಂಟಲ್ಲ ಸಾರ್, ಯೋಚನೆ ಮಾಡಿ, ಆಮೇಲೆ..." ಎಂದು ಎರಡು ಸಲ ಹೇಳಿದ. ಹೋಗಿದ್ದರೆ? ನನ್ನನ್ನು ಗುರುತಿಸುವ ಭಾಗ್ಯ ಇನ್ನೂ ಒಂದು ಚೂರು ಉಳಿದಿದ್ದರೆ ಅವಳು ಮತ್ತೆ ಗೇಟಿಗೆ, ಆ ಬಿಸಿಲಿಗೆ. ಉಳಿದಿಲ್ಲವೆಂದಾದರೆ ನಾನು ಕುಮಟಾದ ಯಾರೋ ಒಬ್ಬ. ಎರಡರಲ್ಲಿ ಯಾವುದಕ್ಕಾಗಿ ಹಾರಬೇಕಿತ್ತೋ ತಿಳಿಯಲಿಲ್ಲ. ಇಷ್ಟರ ನಡುವೆಯೂ, ವಿಮಾನ ಹತ್ತುವುದು ತಪ್ಪಿತಲ್ಲ ಎಂದು ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ ಹಗುರವಾಯಿತು. ನನ್ನ ಹೊಟ್ಟೆಗೆ ಅಷ್ಟೇ ಯೋಗ್ಯತೆ.

ಡಬ್ಬವನ್ನು ಅವನ ಹೆಂಡತಿಗೆ ಕಳಿಸಿದೆ. ಮುಚ್ಚಳ ತೆರೆದು ನೋಡಿದವಳು ಒಳಗಿನಿಂದಲೇ, ಒಂದೂ ಮುರಿದಿಲ್ಲ ಎಂದಳು. ಗೆಳೆಯ ಕಾರು ಹತ್ತಿ ಗಾಜು ಇಳಿಸಿದ. "ಬರ್ತೇನೆ ಸಾರ್" ಎಂದು ಮಂಗಳೂರಿನ ಕಡೆ ಹೋದ. ನಾನು ತಲೆಯಾಡಿಸಿದೆ.

ಕುಮಟಾ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೆಂಡತಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವಳು ಚೇಷ್ಟೆ ಮಾಡುತ್ತಾಳೆಂದು ಕಾದೆ, ಮಾಡಲಿಲ್ಲ. "ಅನ್ನಕ್ಕೆ ಇಡ್ತೆ, ಬನ್ನಿ" ಎಂದಳು ಅಷ್ಟೆ. ಬಸ್ಸು ಹೊನ್ನಾವರಕ್ಕೆ ಬಂದಾಗ ಕಾಲುಗಳು ಮತ್ತೆ ಏಳಲು ನೋಡಿದವು, ಈ ಸಲ ಹಿಡಿದು ಕೂರಿಸಿದೆ. ಮೊಬೈಲಿನಲ್ಲಿ ದೂರ ಹೇಳುವ ಆ ಪುಟ ಇನ್ನೂ ತೆರೆದೇ ಇತ್ತು. ಹೊನ್ನಾವರ ಎಂದು ಹಾಕಿದೆ, ದೂರ ಸ್ವಲ್ಪ ಕಡಿಮೆಯಾಯಿತು. ಹಳದೀಪುರ ಎಂದು ಹಾಕಿದೆ, ಇನ್ನೂ ಸ್ವಲ್ಪ ಕಡಿಮೆಯಾಯಿತು. ಕುಮಟಾಕ್ಕೆ ಬಂದಾಗ ಅಕ್ಕಯ್ಯನಿಗೆ ಅವತ್ತು ಹೋಗಬಹುದಾದಷ್ಟು ಹತ್ತಿರ ಹೋಗಿದ್ದೆ. ಬಸ್ಸು ಅಲ್ಲಿಗೇ ಕೊನೆ. ಎಲ್ಲರೂ ಇಳಿದರು, ನಾನೂ ಇಳಿದೆ.